ತಣ್ಣಗಾಗದ ಕಲ್ಚಟ್ಟಿ

ಕಾರ್ತಿಕದ ಚಳಿಗೆ ಬಿಸಿಬಿಸಿ ಉಣ್ಣೋಣವೆಂದು, ಅಡುಗೆಗೆ ಹೊಸಬಳಾದ ವಾರಿಜಾ ಕಲ್ಚಟ್ಟಿಯಲ್ಲಿ ಸಿಹಿಗುಂಬಳದ ಹುಳಿ ಮಾಡಿದಳು. ಹೋಳು ಹದವಾಗಿ ಬೆಂದೊಡನೆ ಒಲೆ ಆರಿಸಿದಳು. ಆದರೆ ಕಲ್ಲಿನ ಬಿಸಿ ಬೇಗ ಆರದು. ಹುಳಿ ಕುದಿಯುತ್ತಲೇ ಇತ್ತು, ಹೋಳೆಲ್ಲ ಕರಗಿಹೋದವು.

ಹಾಲು ಕಾಯಿಸಿದ್ದ ಸ್ಟೀಲ್ ಪಾತ್ರೆ ಆಕ್ಷೇಪಿಸಿತು: "ಉರಿ ಆರಿದ ಮೇಲೂ ಕುದಿಯುವುದೆಂದರೇನು? ನನ್ನನ್ನು ನೋಡಿ, ಆಗಲೇ ತಣ್ಣಗಾಗಿದ್ದೇನೆ. ಹುಡುಗಿಯ ಮೊದಲ ಹುಳಿಯನ್ನೇ ಕೆಡಿಸಿದಿರಿ."

"ನನ್ನ ಸ್ವಭಾವವೇ ಹಾಗೆ," ಎಂದಿತು ಕಲ್ಚಟ್ಟಿ.

ವಾರಿಜಾ ಸಪ್ಪೆ ಮುಖದಲ್ಲೇ ಅನ್ನಕ್ಕೆ ಹುಳಿ ಕಲಸಿದಳು. ಒಂದು ತುತ್ತು ತಿಂದವಳು ಕರಗಿದ ಹೋಳಿನ ಸವಿಗೆ ಮತ್ತೆರಡು ಸಲ ಬಡಿಸಿಕೊಂಡಳು. ತಣ್ಣೀರಲ್ಲಿ ಕೈ ತೊಳೆದಾಗ ಬೆರಳುಗಳು ಮರಗಟ್ಟಿದವು. ತಣ್ಣಗೆ ಕೊರೆಯುತ್ತಿದ್ದ ಸ್ಟೀಲ್ ಪಾತ್ರೆಯನ್ನು ಮುಟ್ಟಿ ಕೈ ಹಿಂದೆಗೆದಳು. ಇನ್ನೂ ಬೆಚ್ಚಗಿದ್ದ ಕಲ್ಚಟ್ಟಿಯನ್ನು ಎರಡೂ ಅಂಗೈಯಲ್ಲಿ ತಬ್ಬಿಕೊಂಡು, ಕಣ್ಣು ಮುಚ್ಚಿ ಅಲ್ಲೇ ಕುಳಿತಳು.

"ಈಗ ಹೇಳಪ್ಪ," ಎಂದಿತು ಕಲ್ಚಟ್ಟಿ, "ತಣ್ಣಗಾಗಲೇ?"