ನಾಯಿಯ ಮೂಗು ಒದ್ದೆಯಾದದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳಿಗೆ ಹೆಸರಿರಲಿಲ್ಲ, ಹೊಳೆಗೆ ತನ್ನ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ. ಆಗ ನಾಯಿಯ ಮೂಗು ತರಗೆಲೆಯ ಹಾಗೆ ಒಣಗಿರುತ್ತಿತ್ತು, ಕಂದಾ.

ಕೆಂಚಿ ಅಂತ ಒಂದು ನಾಯಿ. ಅವಳಿಗೆ ಮೂರು ಮರಿ. ಪಕ್ಕದ ಪೊದೆಯಲ್ಲಿ ನರಿಯಕ್ಕ, ಅವಳಿಗೆ ಎರಡು.

ಒಂದು ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿತ್ತು. ಇಬ್ಬರೂ ಮರಿಗಳನ್ನು ಕಚ್ಚಿಕೊಂಡು ಓಡಿ ಒಂದೇ ಗವಿ ಸೇರಿದರು. ಬೆಂಕಿ ಆರುವ ಹೊತ್ತಿಗೆ ಮರಿಗಳೆಲ್ಲ ಬೂದಿ ಮೆತ್ತಿಕೊಂಡು ಒಂದೇ ತರ ಕಾಣುತ್ತಿದ್ದವು.

ಕೆಂಚಿ ಮೂಸಿದಳು. ಏನೂ ಬರಲಿಲ್ಲ. ಮತ್ತೆ ಮೂಸಿದಳು. ಏನೂ ಇಲ್ಲ. ಹೊಗೆಗೆ ಮೂಗು ಬಿರಿದು ವಾಸನೆಯೇ ಹೋಗಿಬಿಟ್ಟಿತ್ತು.

"ಈ ಮೂರು ನಿನ್ನವು ಕಣೇ, ಈ ಎರಡು ನನ್ನವು," ಎಂದು ನರಿಯಕ್ಕ ಹೊರಟೇಬಿಟ್ಟಳು.

ಅಷ್ಟು ಬೇಗ ಇವಳಿಗೆ ಹೇಗೆ ಗೊತ್ತಾಯಿತು? ಕೆಂಚಿಯ ಮನಸ್ಸಿನಲ್ಲಿ ಅನುಮಾನ ಹೊಕ್ಕಿತು. ಮೂರರಲ್ಲಿ ಒಂದರ ದನಿ ಸಣ್ಣಗಿತ್ತು. ಇದು ನರಿಯದ್ದೇ ಇರಬೇಕು! ಅದು ಹಾಲಿಗೆ ಬಂದರೆ ಕಾಲಿನಿಂದ ತಳ್ಳಿದಳು. ಕುಂಯ್ ಎಂದು ಮತ್ತೆ ಬಂದರೆ ಮತ್ತೆ ತಳ್ಳಿದಳು. ಮರಿ ಸೊರಗಿತು.

ಗಾಳಿ ಬಂದು ಕೇಳಿತು, "ಯಾಕೆ ಕೆಂಚಿ, ಮಗುವನ್ನು ದೂರ ಮಾಡ್ತೀಯ? ನಾನು ವಾಸನೆ ತಂದರೂ ನಿನ್ನ ಒಣಮೂಗಿನ ಮೇಲೆ ನಿಲ್ಲುತ್ತಿಲ್ಲ. ಹೊಳೆಗೆ ಹೋಗು."

"ಬೆಂಕಿಯನ್ನು ಊದಿ ಊದಿ ಹಬ್ಬಿಸಿದವನು ನೀನೇ. ನಾನು ಆ ಕಡೆ ಹೋಗಲಿ, ಈ ಕಡೆ ನರಿ ಬರಲಿ ಅಂತ ತಾನೇ?" ಎಂದು ಕೆಂಚಿ ಗುರ್ ಎಂದಳು.

ಆದರೂ ಬಾಯಾರಿಕೆ ಬಿಡಬೇಕಲ್ಲ. ಮೂರೂ ಮರಿಗಳನ್ನು ಮುಂದೆ ಬಿಟ್ಟುಕೊಂಡು, ತಿರುತಿರುಗಿ ನೋಡುತ್ತ ಹೊಳೆಗೆ ಹೋದಳು. ಸೊರಗಿದ ಮರಿ ನೀರಿಗೆ ಬಾಗಿತು, ಕಾಲು ಜಾರಿ ಬಿದ್ದೇಬಿಟ್ಟಿತು.

ಯಾರ ಮರಿ ಎಂದು ಯೋಚಿಸಲು ಕೆಂಚಿಗೆ ಹೊತ್ತೆಲ್ಲಿ? ದುಡುಮ್ಮನೆ ಹಾರಿದಳು. ಮೂಗುಮುಖವೆಲ್ಲ ಮುಳುಗಿಸಿ, ಮರಿಯ ಕತ್ತು ಹಿಡಿದು ದಡಕ್ಕೆ ತಂದಳು. ಆಗ ಗಾಳಿ ಮೆಲ್ಲಗೆ ಬೀಸಿತು. ಒದ್ದೆ ಮೂಗಿನ ಮೇಲೆ ವಾಸನೆ ಬಂದು ಕೂತಿತು. ಅಯ್ಯೋ, ಇದು ಅವಳದೇ ಮೈಯ ವಾಸನೆ! ಅವಳದೇ ಮರಿ!

ಕೆಂಚಿ ಅದನ್ನು ನೆಕ್ಕಿದಳು, ನೆಕ್ಕುತ್ತ ನೆಕ್ಕುತ್ತ ಅತ್ತಳು. ಆಮೇಲೆ ಉಳಿದೆರಡನ್ನೂ ಮೂಸಿದಳು. ಹೊಟ್ಟೆ ತುಂಬ ಹಾಲು ಕುಡಿಸಿ ಸಾಕಿದ್ದ ದುಂಡುಮರಿ ನರಿಯ ವಾಸನೆ ಹೊಡೆಯುತ್ತಿತ್ತು!

ಅದನ್ನು ಕಚ್ಚಿಕೊಂಡು ನರಿಯಕ್ಕನ ಪೊದೆಗೆ ಓಡಿದಳು.

"ಅಂದಾಜಿನ ಮೇಲೆ ಹಂಚಿದೆ ಕಣೇ," ಎಂದು ನರಿಯಕ್ಕ ತಲೆ ತಗ್ಗಿಸಿದಳು. "ನನ್ನ ಮೂಗೂ ಸತ್ತಿತ್ತು. ಹೇಳೋಕೆ ಹೆದರಿಕೆಯಾಯ್ತು." ಇಬ್ಬರೂ ಮರಿ ಬದಲಾಯಿಸಿಕೊಂಡರು. ಕೆಂಚಿ ಮಾತ್ರ ಮೂಗನ್ನು ನೆಕ್ಕಿ ಒದ್ದೆಮಾಡಿಕೊಂಡು, ಎರಡೆರಡು ಸಲ ಮೂಸಿಯೇ ತನ್ನ ಮರಿಯನ್ನು ಎತ್ತಿಕೊಂಡಳು.

ಅದಕ್ಕೇ ಕಂದಾ, ಇವತ್ತಿಗೂ ನಾಯಿ ಘಳಿಗೆಗೊಮ್ಮೆ ಮೂಗು ನೆಕ್ಕಿಕೊಳ್ಳುತ್ತದೆ. ನೀನು ಹೀಗೆ ಅಂಗಡಿಗೆ ಹೋಗಿ ಹಾಗೆ ಬಂದರೂ, ನೀನು ನೀನೇ ಹೌದೋ ಅಲ್ಲವೋ ಅಂತ ಮೊದಲು ಮೂಸಿಯೇ ಆಮೇಲೆ ಬಾಲ ಅಲ್ಲಾಡಿಸುತ್ತದೆ.