ಜಾಡಪ್ಪ ಮೊದಲು ಪಾದ ನೋಡುತ್ತಾನೆ

"ಕೇಳಿರಪ್ಪೋ ಕೇಳಿ! ಜಾಡಪ್ಪನನ್ನು ಕೊಂದ ಮುದುಕಿ ಹನುಮವ್ವನಿಗೆ ಬರುವ ಅಮಾವಾಸ್ಯೆಗೆ ಗಲ್ಲು! ರಾಜಕುಮಾರಿ ನೀಲಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಅವರ ಕೈ, ಮುದುಕಿಗೆ ಜೀವ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ!"

ಈ ಡಂಗುರ ಕೇಳಿ ಬಿಳಿಕೋಟೆಯಲ್ಲಿ ಒಬ್ಬರೂ ನಗಲಿಲ್ಲ. ಪರವೂರಿನವರಾಗಿದ್ದರೆ ನಗುತ್ತಿದ್ದರು. ಯಾಕೆಂದರೆ ಜಾಡಪ್ಪ ತಾಯಿ ಹೊಟ್ಟೆಯಿಂದ ಬಂದವನಲ್ಲ, ಮೇಕೆ ಚರ್ಮದಲ್ಲಿ ಕತ್ತರಿಸಿದ ತೊಗಲುಗೊಂಬೆ. ಹನುಮವ್ವ ಅವನನ್ನು ಪರದೆಯ ಮೇಲೆ ಕುಣಿಸಿ, ಕಳ್ಳರನ್ನೂ ಕೊಲೆಗಡುಕರನ್ನೂ ಅವನ ಕೈಯಲ್ಲಿ ಹಿಡಿಸುತ್ತ ಅಜ್ಜಂದಿರಿಗೂ ಮೊಮ್ಮಕ್ಕಳಿಗೂ ಕತೆ ಹೇಳಿದ್ದಳು. "ಮೋರೆ ಸುಳ್ಳು ಹೇಳುತ್ತೆ ಕಣಯ್ಯ, ಪಾದ ನೋಡು" ಎಂಬ ಅವನ ಮಾತು ಊರಿಗೆಲ್ಲ ಬಾಯಿಪಾಠ. ಬೆಣ್ಣೆ ಮಾಯವಾದರೆ ಅತ್ತೆ ಸೊಸೆಯ ಪಾದ ನೋಡುವಳು. ಹೆಣ್ಣು ಕೊಡುವವರು ಗಂಡಿನ ಪಾದ ನೋಡುವರು. ಅನ್ಯಾಯವಾದವರು ಆಟದ ಚಪ್ಪರದ ಗಳಕ್ಕೆ ಒಂದು ಅರಿವೆಯ ಚೂರು ಗಂಟು ಹಾಕಿ ಹೋಗುವುದು ರೂಢಿ. ಕಳೆದುಹೋದ ಕೂಸಿನ ಅಂಗಿಯದೋ, ಸತ್ತ ಮಗಳ ಸೆರಗಿನದೋ. ಹನುಮವ್ವ ಒಂದು ಗಂಟು ಬಿಚ್ಚಿ ಅದರಿಂದಲೇ ಮುಂದಿನ ಕತೆ ಕಟ್ಟುವಳು.

ಅಂಥವನನ್ನು ಕಳೆದ ಆಟದಲ್ಲಿ ಮೊಸಳೆಯ ಬಾಯಿಗೆ ಕೊಟ್ಟು, ಗೊಂಬೆಯನ್ನು ಹೊಳೆಗೆ ಬಿಟ್ಟುಬಿಟ್ಟಳು. ಗಂಡಸರು ತಲೆ ಬೋಳಿಸಿಕೊಂಡರು. ಸ್ವಂತ ಮಾವ ಸತ್ತಾಗ ಕಣ್ಣು ಒದ್ದೆಯಾಗದ ಸೊಸೆಯರೂ ಗೊಳೋ ಎಂದರು. ಒಂದು ಆಟವನ್ನೂ ತಪ್ಪಿಸದೆ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಿದ್ದ ಅರಸ ಮುದ್ದುವೀರನೂ ಅತ್ತ, ಅತ್ತು ಗಲ್ಲು ಬರೆಸಿದ. ಅಣ್ಣನ ಮಗಳು ನೀಲಮ್ಮಣ್ಣಿಯ ಒಗಟಿಗೂ ಬೇಡವೆನ್ನಲಿಲ್ಲ. ಅಣ್ಣ ತೀರಿಕೊಂಡದ್ದರಿಂದ ಸಿಕ್ಕಿದ ಸಿಂಹಾಸನ, ಅಳಿಯ ಬಂದರೆ ಬಿಡಬೇಕಾದದ್ದು. ಬಂದ ವರರ ತಲೆ ಉರುಳಿದಷ್ಟೂ ಒಳ್ಳೆಯದೇ.

ಸಣ್ಣೀರ ಮಾತ್ರ ಜಾಡಪ್ಪನಿಗಾಗಿ ಅಳಲಿಲ್ಲ. ಸಂತೆಯಲ್ಲಿ ಬಿದ್ದಿದ್ದ ಅವನನ್ನು ಎತ್ತಿ ಸಾಕಿದವಳು ಹನುಮವ್ವ. ಪರದೆಯ ಹಿಂದೆ ದೀಪಕ್ಕೆ ಎಣ್ಣೆ ಹಾಕುತ್ತ ಅವನು ಬೆಳೆದ. ಅವಳನ್ನು ಬಿಟ್ಟರೆ ಅವನಿಗೆ ಭೂಮಿಯ ಮೇಲೆ ಯಾರೂ ಇರಲಿಲ್ಲ.

ಆಸ್ಥಾನಕ್ಕೆ ಅವನು ಹೋದಾಗ ಇಬ್ಬರು ಮುಂದಿದ್ದರು. ನೀಲಮ್ಮಣ್ಣಿ ಮೊದಲ ಒಗಟು ಹಾಕಿದಳು. "ಜಾಡಪ್ಪನ ಕೈಗೆ ಕಳ್ಳರೆಲ್ಲ ಸಿಕ್ಕರು. ಒಬ್ಬ ಮಾತ್ರ ಪ್ರತಿ ಆಟದಲ್ಲೂ ಅವನ ಕಣ್ಣೆದುರೇ ಇದ್ದು, ಪ್ರತಿ ಸಲವೂ ನೆಮ್ಮದಿಯಾಗಿ ಎದ್ದು ಮನೆಗೆ ಹೋದ. ಯಾರವನು?"

ನೆರೆನಾಡಿನ ಯುವರಾಜ ಜಾಡಪ್ಪನಂತೆಯೇ ತಾಳೆಗರಿ ಕೊಡೆ ಹಿಡಿದು ಬಂದಿದ್ದ. "ದೇವರ ಒಡವೆ ಕದ್ದ ಪೂಜಾರಿ! ಕಿಟಕಿ ಹಾರಿದನಲ್ಲ!" ಎಂದ. ನೀಲಮ್ಮಣ್ಣಿ ಕೈಯೆತ್ತಿದಳು. ತಲೆ ಹೋಯಿತು, ಕೊಡೆ ಉಳಿಯಿತು.

ಎರಡನೆಯವನು ವರ್ತಕರ ಮಗ, ಎಲ್ಲ ಆಟಗಳನ್ನೂ ಮಾತು ಬಿಡದೆ ಒಪ್ಪಿಸಬಲ್ಲವನು. "ಜಾಡಪ್ಪನಿಂದ ತಪ್ಪಿಸಿಕೊಂಡವನೇ ಇಲ್ಲ. ಆ ಪೂಜಾರಿಯೂ ಮುಂದಿನ ಆಟದಲ್ಲಿ ಸಿಕ್ಕ. ಒಗಟೇ ತಪ್ಪು!" ಕತೆಯ ಮಟ್ಟಿಗೆ ಅವನ ಮಾತು ಸರಿಯೇ. ನೀಲಮ್ಮಣ್ಣಿ ಮತ್ತೆ ಕೈಯೆತ್ತಿದಳು.

"ಏನೋ ಎಣ್ಣೆಬುಡ್ಡಿ, ನಿನಗೂ ತಲೆ ಭಾರವಾಯಿತಾ?" ಎಂದ ಅರಸ.

"ಹೌದು ಬುದ್ಧೀ. ಅವ್ವ ಹೋದಮೇಲೆ ಇದನ್ನ ಹೊತ್ಕೊಂಡು ಏನು ಮಾಡಲಿ?" ಎಂದ ಸಣ್ಣೀರ. ರಕ್ತ ತುಳಿಯದಂತೆ ಬದಿಗೆ ನಿಂತು ರಾಜಕುಮಾರಿಗೆ ಕೈಮುಗಿದ. "ಆ ಕಳ್ಳ ಪರದೆ ಮೇಲಿಲ್ಲ ಅಮ್ಮಣ್ಣಿ, ಪರದೆ ಮುಂದೆ ಕೂತಿದ್ದಾನೆ. ಬೇರೆಯವನು ಸಿಕ್ಕಿಬಿದ್ದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯೋನು ಅವನೇ."

ಅರಸ ಹೋ ಎಂದು ನಕ್ಕ. ನೀಲಮ್ಮಣ್ಣಿ ನಗಲಿಲ್ಲ. "ಜಾಡಪ್ಪನಿಗೆ ತಿಥಿಯೂ ಆಯಿತು. ಆದರೂ ಜನ ಗಳಕ್ಕೆ ಅರಿವೆ ಕಟ್ಟುತ್ತಲೇ ಇದ್ದಾರೆ. ಸತ್ತವನು ಏನು ತಿಂದು ಬದುಕಿದ್ದಾನೆ?"

"ಚಾವಡಿಯಲ್ಲಿ ಸಿಗದ ನ್ಯಾಯ ತಿಂದು. ಅಲ್ಲೇ ಸಿಕ್ಕಿದ್ದರೆ ಮೇಕೆ ಚರ್ಮದ ಮುಂದೆ ಯಾರು ಅಳೋರು?"

ಈಟಿ ಹಿಡಿದ ಭಟರೊಳಗೆ ಯಾರೋ ನಿಟ್ಟುಸಿರುಬಿಟ್ಟರು.

"ಕೊನೆಯದು. ತಾನೇ ಹುಟ್ಟಿಸಿದವನನ್ನು ಹನುಮವ್ವ ತಾನೇ ಯಾಕೆ ಕೊಂದಳು?"

ಸಣ್ಣೀರನಿಗೆ ಉತ್ತರ ಗೊತ್ತಿತ್ತು. ಕೊನೆಯ ಆಟಕ್ಕೆ ಮುಂಚೆ ಗಳದಲ್ಲಿ ಸಿಕ್ಕಿದ್ದು ಜರಿ ರುಮಾಲಿನ ಚೂರು, ಅದರ ಮೇಲೆ ಯಾರೋ ವಿಷ ಕಾರಿದ ಹಸಿರು ಕಲೆ. ಅವ್ವ ಅದನ್ನು ಮುಟ್ಟದೆ, "ಈ ಗಂಟು ಬಿಚ್ಚಿದರೆ ನಮ್ಮ ಕೊರಳಿಗೆ ಗಂಟು ಬೀಳುತ್ತೆ ಮಗಾ" ಎಂದಿದ್ದಳು. ಬಿಚ್ಚದೆಯೂ ಬಿತ್ತಲ್ಲ! ಇನ್ನು ಬಾಯಿ ಮುಚ್ಚಿ ಯಾರನ್ನು ಉಳಿಸಬೇಕು?

"ಹೆದರಿ ಕೊಂದಳು. ನೀವು ಕಟ್ಟಿದ ಚೂರು ನಿಮ್ಮ ಅಪ್ಪಾಜಿಯವರ ರುಮಾಲಿನದು. ಜಾಡಪ್ಪ ಬದುಕಿದ್ದರೆ ವಿಷ ಹಾಕಿದವನನ್ನ ಹಿಡಿಯಲೇಬೇಕಿತ್ತು."

"ಯಾರನ್ನು?"

"ನಾನು ಹೇಗೆ ಹೇಳಲಿ? ಅವನಾಗಿದ್ದರೆ ಮೋರೆ ನೋಡ್ತಿರಲಿಲ್ಲ."

ಅವನು ಯಾರ ಹೆಸರನ್ನೂ ಎತ್ತಿರಲಿಲ್ಲ. ಆದರೆ ಜಾಡಪ್ಪನ ಕಣ್ಣು ಎಲ್ಲಿಗೆ ಹೋಗುತ್ತದೆಂದು ಅರಸನಿಗಿಂತ ಚೆನ್ನಾಗಿ ಬಲ್ಲವರಾರು? ಅವನ ಎರಡು ಪಾದಗಳೂ ಸರಕ್ಕನೆ ಸಿಂಹಾಸನದಡಿಗೆ ಸರಿದವು. ಅಷ್ಟರಲ್ಲಿ ರೂಢಿಯಂತೆ ಇಡೀ ಆಸ್ಥಾನ ನೆಲ ನೋಡುತ್ತಿತ್ತು. ಉಳಿದವರ ಪಾದಗಳೆಲ್ಲ ಇದ್ದಲ್ಲೇ ಇದ್ದವು. ಅರಸನ ಮುತ್ತಿನ ಪಾದರಕ್ಷೆಗಳು ಮಾತ್ರ ಖಾಲಿ ನಿಂತಿದ್ದವು.

"ಇವನ ನಾಲಿಗೆ ಕೀಳ್ರೋ!" ಎಂದು ಅರಸ ಚೀರಿದ. ಭಟರು ಕದಲಲಿಲ್ಲ, ಅವರೂ ಆ ಪಾದರಕ್ಷೆಗಳನ್ನೇ ನೋಡುತ್ತಿದ್ದರು.

ಅಮಾವಾಸ್ಯೆಯಂದು ಹನುಮವ್ವನಿಗೆಂದು ಹೊಸೆದ ಹಗ್ಗ ಮುದ್ದುವೀರನಿಗೆ ಸರಿಹೋಯಿತು. ಮುದುಕಿ ಮನೆಗೆ ಬಂದಳು. ಸಣ್ಣೀರ ಡಂಗುರದ ಮಾತಿನಂತೆ ನೀಲಮ್ಮಣ್ಣಿಯ ಕೈಹಿಡಿದ, ಸಿಂಹಾಸನದಲ್ಲೂ ಕೂತ. ಜನ ಬಿಡಬೇಕಲ್ಲ, ಹನುಮವ್ವ ಹೊಸ ಜಾಡಪ್ಪನನ್ನು ಕತ್ತರಿಸಿದಳು.

ಆಟದ ದಿನ ಗಳದಲ್ಲಿ ಎರಡು ಹೊಸ ಗಂಟುಗಳಿದ್ದವು. ಒಂದು ನೆರೆನಾಡಿನ ನೇಯ್ಗೆ, ಇನ್ನೊಂದು ವರ್ತಕರ ಮನೆಯ ಪಂಚೆ. ಎರಡರಲ್ಲೂ ರಕ್ತ ಒಣಗಿತ್ತು. ಚಪ್ಪರದ ಅಂಚಿನಲ್ಲಿ ಇಬ್ಬರು ತಾಯಂದಿರು ಕೂತಿದ್ದರು.

ದೀಪ ಹತ್ತಿತು. ಜಾಡಪ್ಪ ಕೊಡೆ ಬೀಸುತ್ತ ಬಂದು, "ಪಾದ ನೋಡು!" ಎಂದ. ಜನ ಹುಯ್ಯೆಂದರು. ಮುಂದಿನ ಸಾಲಿನಲ್ಲಿ ಸಣ್ಣೀರ ಮೆಲ್ಲನೆ ಪಕ್ಕಕ್ಕೆ ಕಣ್ಣು ಇಳಿಸಿದ. ಸೀರೆಯ ಅಂಚಿನೊಳಗೆ ರಾಣಿಯ ಪಾದಗಳು ಹಿಂದೆ ಸರಿಯುತ್ತಿದ್ದವು. ಅವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದಳು.