ಗುಮ್ಮನ ಮುಖ

"ಗುರುಗಳೇ, ಎದುರಿಗೆ ನಿಂತವನನ್ನು ಕೆಟ್ಟವನೆಂದು ತಿಳಿಯದೆ ಅವನನ್ನು ಸೋಲಿಸಲು ಆಗುವುದಿಲ್ಲವೇ?"

ಕೇಳಿದವನು ಮರುಳಸಿದ್ಧ. ಮರುದಿನ ಮಠದ ಸಭೆಯಲ್ಲಿ ಅವನು ತನ್ನ ಜೊತೆಗಾರ ಬಸವಂತನೊಡನೆ ವಾದಕ್ಕೆ ಕೂರಬೇಕಿತ್ತು. ಮಠದ ಶಾಲೆಯನ್ನು ಇಬ್ಬರಲ್ಲಿ ಯಾರು ನಡೆಸಬೇಕೆಂಬುದು ಆ ವಾದದಿಂದ ತೀರ್ಮಾನವಾಗಲಿತ್ತು. ಕೆಲವು ದಿನಗಳಿಂದ ಮರುಳಸಿದ್ಧ ತನ್ನ ವಾದವನ್ನು ಸಿದ್ಧಪಡಿಸುವುದನ್ನು ಬಿಟ್ಟು, ಬಸವಂತನ ಬಗ್ಗೆ ಯಾರು ಯಾರು ಏನೇನು ಕೆಟ್ಟದ್ದು ಹೇಳುತ್ತಾರೆ ಎಂದು ಕೇಳಿಕೊಂಡು ತಿರುಗುತ್ತಿದ್ದ. ಕೇಳಿದಷ್ಟೂ ಅವನಿಗೆ ಧೈರ್ಯ ಬರುತ್ತಿತ್ತು. ನೆಮ್ಮದಿ ಮಾತ್ರ ಬರುತ್ತಿರಲಿಲ್ಲ. ಅವರಿಬ್ಬರೂ ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡವರು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಹೆಣ್ಣುಮಗಳು ಮೊಬೈಲಿನಲ್ಲಿ ಆಡುವ ಆಟಗಳನ್ನು ಕಟ್ಟುತ್ತಿದ್ದಳು. ಬಹಳ ಆಸೆಪಟ್ಟು ಅವಳು ಒಂದು ಆಟ ಕಟ್ಟಿದಳು. ಆಟದಲ್ಲಿ ಒಂದು ಮುದ್ದಾದ ಮೇಕೆಮರಿ. ಅದು ಬಂಡೆಯಿಂದ ಬಂಡೆಗೆ ನೆಗೆಯುತ್ತ ಬೆಟ್ಟ ಹತ್ತಬೇಕು. ನೆಗೆತ ತಪ್ಪಿದರೆ ಬುಡಕ್ಕೆ ಬಿದ್ದು ಮತ್ತೆ ಹತ್ತಬೇಕು. ಬೆಟ್ಟದ ತುದಿಯಲ್ಲಿ ಒಬ್ಬ ಗುಮ್ಮನಿದ್ದಾನೆ. ಊರಿಗೆ ಹರಿಯುವ ನೀರನ್ನು ತಡೆದು ಕುಳಿತಿದ್ದಾನೆ. ಮೇಕೆಮರಿ ಅವನ ಪೆಟ್ಟು ತಪ್ಪಿಸಿಕೊಂಡು, ನೆಗೆದು, ಅವನ ನೆತ್ತಿಯ ಮೇಲೆ ಕಾಲಿಟ್ಟು ಉರುಳಿಸಿದರೆ ನೀರು ಬಿಡುಗಡೆಯಾಗುತ್ತದೆ. ಆಟ ಗೆದ್ದಂತೆ.

ಆಡಿದವರು ಆಟದ ಕೆಳಗೆ ತಮ್ಮ ಅಭಿಪ್ರಾಯ ಬರೆಯಬಹುದಿತ್ತು. ಬರೆದರು. "ಆಟ ಚೆಂದ, ಆದರೆ ಗುಮ್ಮನನ್ನು ದಾಟಲು ಸಾಧ್ಯವೇ ಇಲ್ಲ" ಎಂದು ಕೆಲವರು ಬರೆದರು. "ಇಷ್ಟು ಮುದ್ದಾದ ಆಟದಲ್ಲಿ ಅಷ್ಟು ಭಯಂಕರ ಗುಮ್ಮ ಏಕೆ? ನನ್ನ ಮಗು ಊಟ ಬಿಟ್ಟಿದೆ" ಎಂದು ಒಬ್ಬ ತಾಯಿ ಬರೆದಳು.

ಆಟ ಕಟ್ಟುವವಳ ಮನಸ್ಸು ತಡೆಯಲಿಲ್ಲ. ಅವಳು ಗುಮ್ಮನ ಪೆಟ್ಟನ್ನು ನಿಧಾನ ಮಾಡಿದಳು. ಆಗ ಬೇರೆ ಕೆಲವರು "ಆಟ ಸಪ್ಪೆಯಾಯಿತು" ಎಂದು ಬರೆದರು. ಅವರ ಮಾತನ್ನು ಓದಿ ಬಂಡೆಗಳ ನಡುವಿನ ಅಂತರ ಹೆಚ್ಚಿಸಿದಳು. "ಬಿದ್ದು ಬಿದ್ದು ಸಾಕಾಯಿತು" ಎಂದು ಇನ್ನೊಬ್ಬರು ಬರೆದರು. ಅಂತರ ತಗ್ಗಿಸಿದಳು. ಅವಳು ಒಲೆಯ ಮೇಲೆ ಹಾಲಿಟ್ಟು ಅಭಿಪ್ರಾಯ ಓದುತ್ತಿದ್ದಳು. ಹಾಲು ಉಕ್ಕಿ ಹೋಗುತ್ತಿತ್ತು. ಯಾರಾದರೂ ಮಾತನಾಡಿಸಿದರೆ ಹೂಂಗುಟ್ಟುತ್ತಿದ್ದಳು, ಕಣ್ಣು ಮೊಬೈಲಿನಲ್ಲಿರುತ್ತಿತ್ತು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು.

ಗುಮ್ಮನ ಬಗ್ಗೆ ಬಂದ ದೂರುಗಳೇ ಹೆಚ್ಚು. ಆದ್ದರಿಂದ ಅವಳು ಅವನ ಕೋರೆಹಲ್ಲು ಅಳಿಸಿದಳು. ಕಣ್ಣಿನ ಕೆಂಪು ಅಳಿಸಿದಳು. ಕೆನ್ನೆ ಉಬ್ಬಿಸಿದಳು. ಪೆಟ್ಟು ಕೊಡುವ ಬಲವನ್ನು ಪೂರ್ತಿ ತೆಗೆದಳು. ಮೇಕೆಮರಿ ಹತ್ತಿರ ಬಂದರೆ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳುವಂತೆ ಮಾಡಿದಳು. ಇನ್ನು ಯಾರೂ ದೂರಲಾರರು ಎಂದುಕೊಂಡಳು.

ಆಗ ಒಂದು ಹೊಸ ಅಭಿಪ್ರಾಯ ಬಂತು. "ಗುಮ್ಮ ಬಹಳ ಕಷ್ಟ. ನನ್ನಿಂದ ಆಗಲಿಲ್ಲ."

ಅವಳಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಕೂಸು ಕೂಡ ಉರುಳಿಸಬಹುದಾದ ಗುಮ್ಮ ಇವನಿಗೆ ಹೇಗೆ ಕಷ್ಟವಾದ? ಹೆಸರು ನೋಡಿದಳು. ಅವಳದೇ ಊರಿನ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ಪೈಲ್ವಾನ. ಅವಳು ನೇರವಾಗಿ ಗರಡಿಮನೆಗೆ ಹೋದಳು.

ಪೈಲ್ವಾನ ಆಲದ ಬೊಡ್ಡೆಯಂತಹ ಆಳು. ಕುಸ್ತಿಯಿಲ್ಲದ ಹೊತ್ತಿನಲ್ಲಿ ಅವನು ಆಟ ಆಡುತ್ತಿದ್ದ. ಅವಳು ತಾನು ಯಾರೆಂದು ಹೇಳಿ, ತನ್ನೆದುರು ಒಮ್ಮೆ ಆಡಿ ತೋರಿಸಬೇಕೆಂದು ಕೇಳಿದಳು. ಅವನು ಆಡಿದ. ಅಷ್ಟು ದಪ್ಪ ಬೆರಳುಗಳಿಂದ ಮೇಕೆಮರಿಯನ್ನು ಒಂದು ಬಂಡೆಯೂ ತಪ್ಪದಂತೆ ತುದಿಗೆ ಮುಟ್ಟಿಸಿದ. ಗುಮ್ಮ ಮುಖ ಮುಚ್ಚಿಕೊಂಡ. ಪೈಲ್ವಾನ ಬೆರಳು ಎತ್ತಿದ. ಮೇಕೆಮರಿ ನಿಂತೇ ಇತ್ತು.

"ನೆಗೆಯಿರಿ ಅಣ್ಣಾ, ಒಂದು ನೆಗೆತ ಸಾಕು" ಎಂದಳು ಅವಳು.

"ಅದೇ ಆಗುತ್ತಿಲ್ಲ ತಾಯಿ" ಎಂದ ಪೈಲ್ವಾನ. "ಈ ಮಣ್ಣಿಗೆ ಇಳಿಯುವವನು ನನ್ನನ್ನು ಕೆಡವಬೇಕೆಂದೇ ಇಳಿಯುತ್ತಾನೆ. ಅವನನ್ನು ನಾನು ಎತ್ತಿ ಒಗೆದರೆ ಅವನಿಗೂ ಬೇಸರವಿಲ್ಲ, ನನಗೂ ಬೇಸರವಿಲ್ಲ. ಮೈ ಕೊಡವಿಕೊಂಡು ಇಬ್ಬರೂ ಒಟ್ಟಿಗೆ ಹಾಲು ಕುಡಿಯುತ್ತೇವೆ. ಇವನನ್ನು ನೋಡಿ, ಮುಖ ಮುಚ್ಚಿಕೊಂಡು ಕೂತಿದ್ದಾನೆ. ಎಲ್ಲಿ ಅಂತ ಕಾಲಿಡಲಿ?"

ಅವಳು ಮನೆಗೆ ಬಂದಳು. ಸುಲಭವಾಗಲಿ ಎಂದು ತಾನು ಮಾಡಿದ್ದೆಲ್ಲವೂ ಒಬ್ಬನಿಗಾದರೂ ಕಷ್ಟವಾಯಿತಲ್ಲ ಎಂದು ಚಡಪಡಿಸಿದಳು. ಒಬ್ಬನಿಗೆ ಹೀಗಾಗಿದ್ದರೆ ಬರೆಯದೆ ಬಿಟ್ಟವರು ಎಷ್ಟು ಜನವೋ. ಕೊನೆಗೆ ಒಂದು ಉಪಾಯ ಹೊಳೆಯಿತು. ಗುಮ್ಮನ ಬಲ ಹೆಚ್ಚಿಸಿದರೆ ಮತ್ತೆ ಕಷ್ಟ ಕಷ್ಟ ಎಂದು ದೂರುತ್ತಾರೆ. ಬಲ ಇದ್ದಷ್ಟೇ ಇರಲಿ, ಮುಖ ಬದಲಿಸಿದರೆ ಸಾಕು. ಅವಳು ಕೈಗಳನ್ನು ಮುಖದಿಂದ ಕೆಳಗಿಳಿಸಿದಳು. ಕೋರೆಹಲ್ಲು ಬರೆದಳು. ಹುಬ್ಬು ಗಂಟಿಕ್ಕಿಸಿದಳು. ಮಕ್ಕಳು ಹೆದರದಷ್ಟು, ದೊಡ್ಡವರಿಗೆ ಕೋಪ ಬರುವಷ್ಟು.

ಈ ಸಲ ಎಲ್ಲರೂ ಮೆಚ್ಚಿದರು. "ಈಗ ಗುಮ್ಮ ಗುಮ್ಮನಂತಿದ್ದಾನೆ" ಎಂದು ಬರೆದರು. "ಒಂದೇ ಏಟಿಗೆ ಉರುಳಿಸಿದೆ, ಎಂಥ ಖುಷಿ" ಎಂದು ಬರೆದರು. ಸಪ್ಪೆ ಎಂದವರೂ ಶೂರರಾದರು. ಆಟ ಮನೆಮನೆಗೆ ಹಬ್ಬಿತು.

ಪೈಲ್ವಾನನೂ ಬರೆದ. "ಹಲ್ಲು ಬಂದಿದೆ. ತೋಳಿಗೆ ಬಲ ಬಂದಿಲ್ಲ. ಇವನು ಅವನೇ."

ಅವಳಿಗೆ ಮೈ ಉರಿಯಿತು. ಊರಿಗೆಲ್ಲ ಸರಿಯಾದದ್ದು ಇವನೊಬ್ಬನಿಗೆ ಸರಿಯಿಲ್ಲವೇ? ಆಟ ಕಟ್ಟಿದ ಮೇಲೆ ಅವಳು ಅದನ್ನು ತಿದ್ದಿದ್ದಳೇ ಹೊರತು ಆಡಿರಲಿಲ್ಲ. ಆಡಿಯೇ ಬಿಡುತ್ತೇನೆ ಎಂದು ಕುಳಿತಳು. ಬೆಟ್ಟ ಹತ್ತಿದಳು. ಹಲ್ಲು ಕಿರಿದು ಕೂತ ಗುಮ್ಮನನ್ನು ಕಂಡು ಅವಳಿಗೂ ಕೈ ತುರಿಸಿತು. ನೆಗೆದಳು. ಅವನು ಉರುಳಿದ. ಉರುಳುವಾಗ ನೋಡಿದಳು: ಅವನು ಒಂದು ಕೈಯನ್ನೂ ಎತ್ತಿರಲಿಲ್ಲ. ಎತ್ತಲು ಬಾರದಂತೆ ಮಾಡಿದವಳು ತಾನೇ ಎಂಬುದು ನೆನಪಾಯಿತು. ಇನ್ನೊಮ್ಮೆ ಆಡಿದಳು. ಎರಡನೆಯ ಸಲ ಅವಳಿಂದ ನೆಗೆಯಲಾಗಲಿಲ್ಲ.

ಅವಳು ಹಲ್ಲು ಅಳಿಸಿದಳು, ಹುಬ್ಬಿನ ಗಂಟು ಬಿಡಿಸಿದಳು. ಉಬ್ಬಿದ ಕೆನ್ನೆಯ ಮುಖವನ್ನೇ ಉಳಿಸಿದಳು. ಗುಮ್ಮನನ್ನು ಎಬ್ಬಿಸಿ ನಿಲ್ಲಿಸಿ, ಮೊದಲ ದಿನ ಕೊಟ್ಟಿದ್ದ ಬಲವನ್ನೆಲ್ಲ ತೋಳಿಗೆ ಮರಳಿ ಕೊಟ್ಟಳು.

ಅಭಿಪ್ರಾಯಗಳು ಬೆಂಕಿಯಂತೆ ಬಂದವು. "ಮುದ್ದು ಮುಖದವನು ಹೀಗೆ ಹೊಡೆಯುವುದೇ? ಮೋಸ" ಎಂದರು. "ಇವನು ಒಳ್ಳೆಯವನೋ ಕೆಟ್ಟವನೋ ಮೊದಲು ಹೇಳಿ, ಆಮೇಲೆ ಆಡುತ್ತೇವೆ" ಎಂದರು. ಬಹಳ ಜನ ಆಟ ಬಿಟ್ಟು ಹೋದರು. ಒಂದು ಗುಂಡಿ ಒತ್ತಿದರೆ ಹಲ್ಲು ಮತ್ತೆ ಬರುತ್ತಿತ್ತು. ಅವಳ ಬೆರಳು ಆ ಗುಂಡಿಯ ಹತ್ತಿರ ಹೋಗಿ ಹೋಗಿ ಬಂತು. ಮನೆಯಲ್ಲಿ ಕೂರಲಾರದೆ ಅವಳು ಮತ್ತೆ ಗರಡಿಮನೆಗೆ ಹೋದಳು.

ಪೈಲ್ವಾನ ಆಡುತ್ತಿದ್ದ. ಗುಮ್ಮ ಅವನ ಮೇಕೆಮರಿಯನ್ನು ಬೆಟ್ಟದಿಂದ ಕೆಡವಿದ. ಪೈಲ್ವಾನ "ಭಲೇ!" ಎಂದು ತೊಡೆ ತಟ್ಟಿದ. ಮತ್ತೆ ಹತ್ತಿದ, ಮತ್ತೆ ಬಿದ್ದ. ಕುಸ್ತಿ ಕಲಿಯುವವರು ಬಂದು ಕಾದು ನಿಂತರು. ಅವನು ತಲೆ ಎತ್ತಲಿಲ್ಲ. ಕೊನೆಗೊಮ್ಮೆ ಗುಮ್ಮನ ಪೆಟ್ಟು ಕೂದಲೆಳೆಯಷ್ಟರಲ್ಲಿ ತಪ್ಪಿತು, ಮೇಕೆಮರಿ ನೆತ್ತಿಯ ಮೇಲಿತ್ತು, ಗುಮ್ಮ ಉರುಳಿದ, ನೀರು ಹರಿಯಿತು. ಪೈಲ್ವಾನ ಅಂಗೈಯ ಬೆವರು ಒರೆಸಿಕೊಂಡು, ಬಲಗೈಯಿಂದ ಮೊಬೈಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಎದ್ದು ಮಣ್ಣಿಗೆ ಇಳಿದ.

ಅವಳು ಮನೆಗೆ ಬಂದಳು. ದೂರುಗಳು ನಿಲ್ಲಲಿಲ್ಲ. ಅವಳು ಒಂದೊಂದನ್ನೂ ಓದಿದಳು. ಆದರೆ ಗುಮ್ಮನ ಮುಖವನ್ನು ಅವಳು ಮತ್ತೆ ಮುಟ್ಟಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮರುಳಸಿದ್ಧನಿಗೆ ತಡೆಯಲಾಗಲಿಲ್ಲ.

"ಹಾಗಾದರೆ, ಹಲ್ಲಿದ್ದ ಗುಮ್ಮನನ್ನು ಉರುಳಿಸಿದರಲ್ಲ, ಅಷ್ಟು ಜನ, ಅವರು ಯಾರೂ ಗೆದ್ದಂತಲ್ಲವೇ ಗುರುಗಳೇ?"

"ಗೆಲುವು ಅವರೆಲ್ಲರಿಗೂ ಸಿಕ್ಕಿತು ಮರುಳಸಿದ್ಧ, ಎದುರಾಳಿ ಸಿಕ್ಕಿದ್ದು ಪೈಲ್ವಾನನೊಬ್ಬನಿಗೆ."